ಅಜ್ಜನ ರೇಡಿಯೊಗ್ರಾಮ್‌ನಲ್ಲಿ ಗಂಗೂಬಾಯಿ ಚಿಕ್ಕ ಹುಡುಗಿಯಾಗಿದ್ದಾರೆ, ಏನು ಮಾಡಲಿ?

ಮಾಳಮಡ್ಡಿ ಹುಡುಗ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನನಗೆ ಸಂಗೀತವೂ ಅಷ್ಟಕ್ಕಷ್ಟೇ, ಮಷೀನೂ ಅಷ್ಟಕ್ಕಷ್ಟೇ. ಧಾರವಾಡದ ನಮ್ಮ ಹಳೇ ಮನೆಯ ನಡುಮನೆಯಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ ಇದೆ, ರೇಡಿಯೊಗ್ರಾಮ್ ಅಂತ. ಇಷ್ಟು ವರ್ಷ ಅದರ ಮೇಲೆ ಟಿವಿ ಇಟ್ಟಿದ್ದೆವು. ಟಿವಿ ಗೋಡೆಗೆ ಹೋದ ಮೇಲೆ ಮುಚ್ಚಳ ಎತ್ತಿ ನೋಡಿದರೆ ಒಳಗೆ ರೇಡಿಯೊ, ಪಕ್ಕದಲ್ಲಿ ಗ್ಯಾರಾರ್ಡ್ ಕಂಪನಿಯ ರೆಕಾರ್ಡ್ ಚೇಂಜರ್, ಕೆಳಗಿನ ಖಾನೆಯಲ್ಲಿ ಒಂದು ಅರವತ್ತು ಕಲ್ಲಿನಂಥ ರೆಕಾರ್ಡು, ಮೂವತ್ತರಷ್ಟು ಎಲ್‌ಪಿ. ಎಲ್ಲ ಅಜ್ಜನದು. ಅಜ್ಜ ಹೋಗಿ ಬಹಳ ವರ್ಷ ಆಯಿತು.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕೊಟ್ಟು ರಿಪೇರಿ ಮಾಡಿಸಿದೆ. ಓಡುತ್ತಿದೆ. ಆದರೆ ಒಂದು ಸಮಸ್ಯೆ. ಒಂದು ನಾಯಿ ಗುರುತಿನ ಎಚ್‌ಎಂವಿ ರೆಕಾರ್ಡ್ ಇದೆ, ಲೇಬಲ್ ಮೇಲೆ ಗಾಂಧಾರಿ, ಹುಬ್ಬಳ್ಳಿ ಅಂತ ಇದೆ. ಗಂಗೂಬಾಯಿ ಹಾನಗಲ್ಲರ ಮೊದಲ ಹೆಸರು ಗಾಂಧಾರಿ ಅಂತ ಮನೆಯಲ್ಲಿ ಹೇಳಿದರು. ಹಾಕಿ ಕೇಳಿದರೆ ಯಾರೋ ಚಿಕ್ಕ ಹುಡುಗಿ ಹಾಡಿದ ಹಾಗಿದೆ! ನನಗೆ ಗೊತ್ತಿರುವ ಗಂಗೂಬಾಯಿ ದನಿ ಅಂದರೆ ಆ ಗಂಡುದನಿ, ಗವಿಯಿಂದ ಬಂದ ಹಾಗೆ. ಅಂದರೆ ಮಷೀನು ಜೋರಾಗಿ ಓಡುತ್ತಿದೆ ಅಲ್ವಾ? ಅಂಗಡಿಯವರು ಮಾತ್ರ "ಮೋಟರ್ ಒಂದ್ ನಂಬರ್ ಐತ್ರಿ" ಅನ್ನುತ್ತಾರೆ. ಮೇಲಾಗಿ ಪರ ಪರ ಸದ್ದು ಬೇರೆ, ರೊಟ್ಟಿ ಹಂಚಿನ ಮೇಲೆ ಜೋಳ ಹುರಿದ ಹಾಗೆ. ಏನು ಮಾಡಲಿ?

ಸೋಲ್ಡರ್ ಕಾಕಾ

ಮೊದಲು ಪ್ಲಗ್ ತೆಗೆಯಿರಿ. ಸ್ಪೀಡ್ ಆಮೇಲೆ ನೋಡೋಣ.

ರಿಪೇರಿ ಮಾಡಿದವರು ಕೆಪಾಸಿಟರ್ ಬದಲಿಸಿದ್ದಾರೋ ಇಲ್ಲವೋ ಕೇಳಿ. ಆ ಕಾಲದ ಕಾಗದದ ಕೆಪಾಸಿಟರ್‌ಗಳು ಒಳಗೊಳಗೇ ಸೋರುತ್ತವೆ. ಕಪ್ಲಿಂಗ್ ಕೆಪಾಸಿಟರ್ ಒಂದು ಸೋರಿದರೆ ಸಾಕು, ಔಟ್‌ಪುಟ್ ವಾಲ್ವ್, ಅಂದರೆ ಸದ್ದು ಜೋರು ಮಾಡುವ ಆ ಗಾಜಿನ ಬುರುಡೆ, ಕೆಂಪಗೆ ಕಾದು ಹೋಗುತ್ತದೆ, ಅದರ ಜೊತೆ ಟ್ರಾನ್ಸ್‌ಫಾರ್ಮರ್ರೂ ಹೋಗಬಹುದು. ವರ್ಷಗಟ್ಟಲೆ ಮಲಗಿದ್ದ ಸೆಟ್ಟನ್ನು ನೇರವಾಗಿ 230 ವೋಲ್ಟಿಗೆ ಚುಚ್ಚಬಾರದು. ನಾವೆಲ್ಲ ಸೀರೀಸ್ ಲ್ಯಾಂಪ್ ಇಟ್ಟುಕೊಂಡಿರುತ್ತಿದ್ದೆವು. 100 ವ್ಯಾಟಿನ ಹಳೇ ಗುಂಡು ಬಲ್ಬು, ಸೆಟ್ಟಿನ ಜೊತೆ ಸಾಲಾಗಿ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ಟು ಉಳಿಯುತ್ತದೆ. ಒಮ್ಮೆ ಹೊಳೆದು ಮಂದವಾದರೆ ಪರವಾಗಿಲ್ಲ. ಎಲ್‌ಇಡಿ ಬಲ್ಬಿನಲ್ಲಿ ಇದು ಆಗುವುದಿಲ್ಲ, ಆ ಹಳೇದೇ ಬೇಕು. ಇನ್ನೊಂದು, ಹಿಂದಿನ ಹಲಗೆ ತೆಗೆದು ಕೈ ಹಾಕಬೇಡಿ. ವಾಲ್ವ್ ಸೆಟ್ಟಿನಲ್ಲಿ 250 ವೋಲ್ಟಿನ ಹತ್ತಿರ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕುಳಿತಿರುತ್ತದೆ.

ಈಗ ಜೋಳ ಹುರಿಯುವ ಸದ್ದಿಗೆ ಬರೋಣ. ಮುಳ್ಳಿನ ತಲೆ ಹತ್ತಿರ ಒಂದು ಸಣ್ಣ ಹಿಡಿಕೆ ಇದೆಯಾ? ಒಂದು ಕಡೆ ಎಲ್‌ಪಿ, ಇನ್ನೊಂದು ಕಡೆ 78 ಅಂತ ಬರೆದಿರುತ್ತದೆ. ಅದನ್ನು ತಿರುವಬೇಕು. 78 ಅಂದರೆ ನಿಮ್ಮ ಆ ಕಲ್ಲಿನಂಥ ರೆಕಾರ್ಡು, ನಿಮಿಷಕ್ಕೆ 78 ಸುತ್ತು; ಎಲ್‌ಪಿ 33⅓ ಸುತ್ತು. 78ರ ಗೀರು ಅಗಲ, ಅದಕ್ಕೆ 3 ಮಿಲ್ ಮುಳ್ಳು ಬೇಕು, ಅಂದರೆ ಇಂಚಿನ ಸಾವಿರ ಭಾಗದಲ್ಲಿ ಮೂರು ಭಾಗ. ಎಲ್‌ಪಿ ಮುಳ್ಳು 1 ಮಿಲ್, ಇಲ್ಲವೇ ಅದಕ್ಕಿಂತಲೂ ಸಣ್ಣದು. ಆ ಸಣ್ಣ ಮುಳ್ಳು ದೊಡ್ಡ ಗೀರಿನ ತಳದಲ್ಲಿ ಕಸ ಕೆದರುತ್ತಾ ಹೋಗುತ್ತದೆ, ಗೋಡೆ ಮುಟ್ಟುವುದೇ ಇಲ್ಲ. ಹಾಡು ಇರುವುದು ಗೋಡೆಯಲ್ಲಿ.

ಹಾವೇರಿ ಏಲಕ್ಕಿ

ಬೇಜಾರಾಗಬೇಡಿ, ಒಂದು ಪ್ರಶ್ನೆ. ಇದೇ ಹಾಡುಗಳು ಫೋನಿನಲ್ಲಿ ಪುಕ್ಕಟೆ ಸಿಗುತ್ತವೆ. ನಾನು ಬಸ್ಸಿನಲ್ಲಿ ಹಾವೇರಿಯಿಂದ ಹುಬ್ಬಳ್ಳಿಗೆ ಬರುವಾಗ ಮನ್ಸೂರರನ್ನು ಕೇಳಿಕೊಂಡೇ ಬರುತ್ತೇನೆ. ಪರ ಪರ ಇಲ್ಲ, ಶಾಕ್ ಹೊಡೆಯುವುದಿಲ್ಲ. ಸುಮ್ನೆ ಇಷ್ಟೆಲ್ಲ ತಾಪತ್ರಯ ಯಾಕೆ?

ಗಿರ್ಮಿಟ್ ಗಾಯಕಿ

ಏಲಕ್ಕಿಯವರೇ, ಫೋನಿನಲ್ಲಿ ಕೇಳುವುದರಲ್ಲಿ ತಪ್ಪೇನಿಲ್ಲ, ನಾನೂ ಕೇಳುತ್ತೇನೆ. ಆದರೆ ಒಂದು ಕೆಲಸ ಮಾಡಿ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಒಂದೇ ರೆಕಾರ್ಡನ್ನು ಮೂರು ಕಡೆ ಹುಡುಕಿ, ಹಾರ್ಮೋನಿಯಂ ಮುಂದಿಟ್ಟುಕೊಂಡು ಕೇಳಿ. ನನಗೆ ಮೂರರಲ್ಲೂ ಷಡ್ಜ, ಅಂದರೆ ಆಧಾರದ ಸಾ ಸ್ವರ, ಬೇರೆ ಬೇರೆ ಸಿಕ್ಕಿತು. ಒಂದು ಕಡೆ ಖಾನ್ ಸಾಹೇಬರು ಶಾಂತವಾಗಿ ಹಾಡುತ್ತಾರೆ, ಇನ್ನೊಂದು ಕಡೆ ರೈಲು ಹಿಡಿಯುವ ಅವಸರದಲ್ಲಿದ್ದಾರೆ. ಯಾರೋ ಯಾವುದೋ ಮಷೀನಿನಲ್ಲಿ ಹಾಕಿ, ಯಾರೋ ಕ್ಯಾಸೆಟ್ಟಿಗೆ ಇಳಿಸಿ, ಅದನ್ನು ಇನ್ಯಾರೋ ಕಂಪ್ಯೂಟರಿಗೆ ಏರಿಸಿ, ಒಬ್ಬೊಬ್ಬರೂ ಸ್ವಲ್ಪ ಸ್ವಲ್ಪ ತಪ್ಪು ಸೇರಿಸಿದ್ದಾರೆ.

ಲೆಕ್ಕ ಹೀಗಿದೆ. ವೇಗ ನೂರಕ್ಕೆ ಸುಮಾರು 6ರಷ್ಟು ಜಾಸ್ತಿ ಆದರೆ ಸ್ವರ ಹಾರ್ಮೋನಿಯಂನ ಒಂದು ಮನೆ ಮೇಲಕ್ಕೆ ಹೋಗುತ್ತದೆ. ಅಂದರೆ ಕಾಳಿ ಒಂದರಲ್ಲಿ, ಮೊದಲ ಕಪ್ಪು ಮನೆಯಲ್ಲಿ, ಹಾಡಿದವರು ಪಕ್ಕದ ಬಿಳಿ ಮನೆ ಸಫೇದ್ ಎರಡಕ್ಕೆ ಹತ್ತುತ್ತಾರೆ. ಜೊತೆಗೆ ಲಯವೂ ಓಡುತ್ತದೆ. ರಾಗ ಬದಲಾಗುವುದಿಲ್ಲ ನಿಜ, ಸ್ವರಗಳ ನಡುವಿನ ಅಂತರ ಹಾಗೇ ಇರುತ್ತದೆ. ಆದರೆ ಹಾಡುವವರ ಗಂಟಲು ಬದಲಾಗುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಅವಸರವಾಗುತ್ತದೆ. ವಿದ್ಯಾರ್ಥಿಗಳು ಅದನ್ನೇ ಕೇಳಿ ಹಾಗೇ ಹಾಡುತ್ತಾರೆ. ಪಾಠ ಹೇಳುವವಳಾಗಿ ನನಗೆ ಸಿಟ್ಟು ಬರುವುದು ಅಲ್ಲಿ. ನನಗೆ ವಾಲ್ವಿನ ಮೇಲೆ ಮೋಹ ಇಲ್ಲ, ಮರದ ಪೆಟ್ಟಿಗೆ ಮೇಲೂ ಇಲ್ಲ. ಮಷೀನು ಯಾವುದಾದರೂ ಇರಲಿ, ಷಡ್ಜ ಸರಿಯಾಗಿ ಕೊಡಬೇಕು.

ಹುಡುಗರೇ, ನಿಮ್ಮ ಪ್ರಶ್ನೆಗೆ ನನ್ನ ಬಳಿ ಒಂದು ಉತ್ತರ ಇದೆ, ಆದರೆ ಈಗಲೇ ಹೇಳುವುದಿಲ್ಲ. ಮೊದಲು ವೇಗ ಅಳೆಯಿರಿ.

ಸೋಲ್ಡರ್ ಕಾಕಾ

ಅಳೆಯುವುದು ಸುಲಭ. ಸ್ಟ್ರೋಬ್ ತಟ್ಟೆ ಅಂತ ಇರುತ್ತದೆ, ಕಾಗದದ ಮೇಲೆ ಪ್ರಿಂಟ್ ಹಾಕಿಕೊಂಡರೂ ನಡೆಯುತ್ತದೆ. ಸುತ್ತಲೂ ಕಪ್ಪು ಗೆರೆ. ನಮ್ಮ 50 ಸೈಕಲ್ ಕರೆಂಟಿನಲ್ಲಿ, ಅಂದರೆ ಸೆಕೆಂಡಿಗೆ 50 ಸಲ ಏರಿ ಇಳಿಯುವ ಕರೆಂಟಿನಲ್ಲಿ, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಿಮಿಷಕ್ಕೆ 6000. 33⅓ಕ್ಕೆ 180 ಗೆರೆ, 78ಕ್ಕೆ 77 ಗೆರೆ. ವೇಗ ಸರಿ ಇದ್ದರೆ ಗೆರೆಗಳು ನಿಂತ ಹಾಗೆ ಕಾಣುತ್ತವೆ. ಮುಂದಕ್ಕೆ ಹರಿದರೆ ಜೋರು, ಹಿಂದಕ್ಕೆ ಹರಿದರೆ ನಿಧಾನ. 60 ಸೈಕಲ್ಲಿನ ಅಮೆರಿಕದ ತಟ್ಟೆ ಪ್ರಿಂಟ್ ಮಾಡಿಕೊಂಡು ನನ್ನ ಹತ್ತಿರ ಜಗಳಕ್ಕೆ ಬರಬೇಡಿ, ಒಬ್ಬರು ಈಗಾಗಲೇ ಬಂದು ಹೋಗಿದ್ದಾರೆ.

ಕುಂದಗೋಳ ರಾತ್ರಿ

ಕಾಕಾ ಹೇಳಿದ ಆ 60 ಸೈಕಲ್ ವಿಷಯದಲ್ಲಿ ನಾನು ಚೆನ್ನಾಗಿ ಸುಟ್ಟುಕೊಂಡಿದ್ದೇನೆ. ನಮ್ಮ ಸಂಬಂಧಿಕರೊಬ್ಬರು ಅಮೆರಿಕದಿಂದ ಬರುವಾಗ ಹಳೇ ಟರ್ನ್‌ಟೇಬಲ್ ತಂದುಕೊಟ್ಟರು. ಭಾರ ಎಷ್ಟು ಅಂದರೆ ವಿಮಾನದಲ್ಲಿ ಬಟ್ಟೆ ಬಿಟ್ಟು ಇದನ್ನು ತಂದಿದ್ದರು. ನಾನು 110 ವೋಲ್ಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿ, ಎಲ್ಲ ಸರಿ ಅಂದುಕೊಂಡು, ಮೊದಲ ಎಲ್‌ಪಿ ಭೀಮಸೇನರದ್ದು ಹಾಕಿದೆ. ಭೀಮಸೇನರು ಜ್ವರ ಬಂದು ಕಂಬಳಿ ಹೊದ್ದು ಹಾಡಿದ ಹಾಗಿತ್ತು. ಒಂದು ವಾರ ಅದನ್ನೇ ಕೇಳಿ "ಆಹಾ, ಏನು ಗಾಂಭೀರ್ಯ" ಅಂತ ನಾಲ್ಕು ಜನರಿಗೆ ಹೇಳಿಕೊಂಡು ತಿರುಗಿದೆ. ನಾಚಿಕೆಯಾಗುತ್ತದೆ ಈಗ.

ಆಮೇಲೆ ತಿಳಿಯಿತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಸೈಕಲ್ ಬದಲಿಸುವುದಿಲ್ಲ. ಆ ಮೋಟರು ಕರೆಂಟಿನ ಸೈಕಲ್ ಹಿಡಿದು ಓಡುತ್ತದೆ. ಅಲ್ಲಿ 60, ಇಲ್ಲಿ 50. ಆರರಲ್ಲಿ ಐದು ಭಾಗ ವೇಗ ಮಾತ್ರ. 33⅓ ಇರಬೇಕಾದದ್ದು 28ಕ್ಕೂ ಸ್ವಲ್ಪ ಕಡಿಮೆ. ಗಾಯಕಿಯವರ ಲೆಕ್ಕದಲ್ಲಿ ಮೂರು ಮನೆ ಕೆಳಗೆ. ಮೋಟರಿನ ಪುಲ್ಲಿ ಬದಲಿಸಬೇಕು, 50 ಸೈಕಲ್ಲಿಗೆ ದಪ್ಪನೆಯದು. ಲೇಥ್ ಇರುವ ಒಬ್ಬರು ಹಿತ್ತಾಳೆಯಲ್ಲಿ ಮಾಡಿಕೊಟ್ಟರು. ಡಿಸಿ ಮೋಟರಿನ ಹೊಸ ಮಷೀನುಗಳಿಗೆ ಈ ಪೀಡೆ ಇಲ್ಲ.

ನನ್ನ ನಿಜವಾದ ಹುಚ್ಚು ರೆಕಾರ್ಡ್ ಅಲ್ಲ, ಸ್ಪೂಲ್ ಟೇಪು. ನಮ್ಮ ಅಪ್ಪ ಗ್ರುಂಡಿಗ್ ಟೇಪ್ ರೆಕಾರ್ಡರ್ ಹೊತ್ತುಕೊಂಡು ಕುಂದಗೋಳದ ನಾಡಿಗೇರ ವಾಡೆಯಲ್ಲಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಕುಳಿತಿರುತ್ತಿದ್ದರು. ಅದರಲ್ಲಿ ಹಾಡು ಅರ್ಧ, ಉಳಿದರ್ಧ ಜನರ ಕೆಮ್ಮು, ಚಹದ ಕಪ್ಪು, ಯಾರೋ "ವಾ ವಾ" ಅನ್ನುವುದು. ಟೇಪನ್ನು ಬಹಳ ವರ್ಷ ಸುತ್ತಿಟ್ಟರೆ ಒಂದು ಸುತ್ತಿನ ಕಾಂತ ಪಕ್ಕದ ಸುತ್ತಿಗೆ ಅಂಟುತ್ತದೆ. ಅದರಿಂದ ಏನಾಗುತ್ತದೆ ಅಂದರೆ, ಮೌನದ ನಡುವೆ ಮೇಲಿನ ಷಡ್ಜ ಬರುವ ಒಂದು ಕ್ಷಣ ಮೊದಲೇ ಅದರ ನೆರಳು ಸಣ್ಣಗೆ ಕೇಳಿಸುತ್ತದೆ. ತಾಂತ್ರಿಕವಾಗಿ ಅದು ದೋಷ. ನನಗಂತೂ ಆ ನೆರಳಿಲ್ಲದೆ ಆ ಷಡ್ಜ ಕೇಳಲು ಈಗ ಆಗುವುದೇ ಇಲ್ಲ.

ಯಾರ ಮನೆಯಲ್ಲಾದರೂ ಸ್ಪೂಲ್ ಇದ್ದರೆ ಡಬ್ಬಿ ತೆಗೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಟೇಪಿನ ಅಸಿಟೇಟ್ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಬೇಗ ನಕಲು ಮಾಡಿಸಿ, ಅದನ್ನು ಬೇರೆ ಟೇಪುಗಳಿಂದ ದೂರ ಇಡಿ.

ಮಾಳಮಡ್ಡಿ ಹುಡುಗ

ಕಾಕಾ, ಮುಳ್ಳು ತಿರುವಿದೆ. ಸುಳ್ಳಲ್ಲ, ಬೇರೆಯೇ ರೆಕಾರ್ಡ್ ಅನಿಸಿತು. ಪರ ಪರ ಇದೆ, ಆದರೆ ಈಗ ಹಿಂದೆ ಹೋಗಿದೆ, ಹಾಡು ಮುಂದೆ ಬಂದಿದೆ. ತಂಬೂರಿ ಇರುವುದೇ ಗೊತ್ತಿರಲಿಲ್ಲ, ಈಗ ಕೇಳಿಸುತ್ತಿದೆ. ಕೆಪಾಸಿಟರ್ ಬದಲಿಸಿದ್ದಾರಂತೆ, ಹಳೇದೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು, ನಾನು ಏನೋ ಕಸ ಅಂದುಕೊಂಡಿದ್ದೆ.

ಸ್ಟ್ರೋಬ್ ತಟ್ಟೆ ಪ್ರಿಂಟ್ ಹಾಕಿದೆ. ಆದರೆ ಗೆರೆ ಏನೂ ಕಾಣುತ್ತಿಲ್ಲ, ಬರೀ ಬೂದಿ ಬಣ್ಣ. ದೀಪದ ಕೆಳಗೇ ಹಿಡಿದಿದ್ದೇನೆ.

ಸೋಲ್ಡರ್ ಕಾಕಾ

ಎಲ್‌ಇಡಿ ದೀಪ ಇರಬೇಕು. ಒಳ್ಳೆ ಎಲ್‌ಇಡಿ ಮಿನುಗುವುದೇ ಇಲ್ಲ, ಅದಕ್ಕೇ ಗೆರೆ ನಿಲ್ಲುವುದಿಲ್ಲ. ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಇದ್ದರೆ ನೋಡಿ. ಇಲ್ಲದಿದ್ದರೆ ನಿಯಾನ್ ಬಲ್ಬಿನ ಇಂಡಿಕೇಟರ್ ಇರುವ ಸ್ವಿಚ್ ಬೋರ್ಡ್, ಆ ಕಿತ್ತಳೆ ಬಣ್ಣದ ಪುಟ್ಟ ದೀಪ, ಅದೂ ನಡೆಯುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಸಿಗುತ್ತದೆ. ಕೋಣೆ ಕತ್ತಲು ಮಾಡಿ, ಹತ್ತಿರ ಹಿಡಿದು ನೋಡಿ. ರೆಕಾರ್ಡ್ ಓಡುತ್ತಿರುವಾಗ, ಮುಳ್ಳು ಅದರ ಮೇಲೆ ಇರುವಾಗಲೇ ನೋಡಬೇಕು. ಖಾಲಿ ಓಡುವಾಗ ಎಲ್ಲ ಮಷೀನೂ ಸಾಚಾ.

ಗೆರೆ ಹರಿದರೆ ಎಷ್ಟು ಹರಿಯಿತು ಎಣಿಸಿ. ಒಂದು ನಿಮಿಷದಲ್ಲಿ ಗೆರೆಗಳ ಸಾಲು ಪೂರ್ತಿ ಒಂದು ಸುತ್ತು ಮುಂದೆ ಹೋದರೆ, ಮಷೀನು ನಿಮಿಷಕ್ಕೆ ಒಂದು ಸುತ್ತು ಜಾಸ್ತಿ ಓಡುತ್ತಿದೆ. ಅಷ್ಟೇ ಲೆಕ್ಕ.

ಬೆಟಗೇರಿ ಬೀದಿ

ಗದಗಿನವನಾಗಿ ನಾನು ಒಂದು ತಕರಾರು ಎತ್ತಲೇಬೇಕು. ಗಾಯಕಿಯವರು ಷಡ್ಜ ಸರಿ ಇರಬೇಕು ಅಂತ ಪಟ್ಟು ಹಿಡಿದಿದ್ದಾರೆ. ಭೀಮಸೇನ ಜೋಶಿಯವರ ಕತೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. 1922ರಲ್ಲಿ ರೋಣದಲ್ಲಿ ಹುಟ್ಟಿದವರು. ಹುಡುಗನಿದ್ದಾಗ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿ ಕೇಳಿದರು, ಪಿಯಾ ಬಿನ್ ನಹಿ ಆವತ ಚೈನ್. ಹಾಗೆ ಹಾಡಬೇಕು ಅಂತ ಹುಚ್ಚು ಹಿಡಿದು, 11ರ ವಯಸ್ಸಿಗೆ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಗ್ವಾಲಿಯರ್ ಕಡೆ ಹೋದರು. ಈಗ ಹೇಳಿ, ಆ ಅಂಗಡಿಯ ಗ್ರಾಮಫೋನಿಗೆ ಸ್ಟ್ರೋಬ್ ಹಿಡಿದು ನೋಡಿದವರು ಯಾರು? ಕೀಲಿ ಕೊಡುವ ಮಷೀನು. ಸ್ಪ್ರಿಂಗ್ ಸಡಿಲಾದರೆ ಉಸ್ತಾದರು ಹಾಡುತ್ತಾ ಹಾಡುತ್ತಾ ನಿದ್ದೆಗೆ ಜಾರುವಂಥದ್ದು. ಉಕ್ಕಿನ ಮುಳ್ಳು ಪ್ರತಿ ಬದಿಗೊಂದು ಬದಲಿಸಬೇಕು, ಅಂಗಡಿಯವರು ಬದಲಿಸಿರುತ್ತಾರೆಯೇ? ಅಂಥ ಮಷೀನಿನಲ್ಲಿ ಕೇಳಿಯೇ ಆ ಹುಡುಗ ಓಡಿಹೋದ. ನಾವು 77 ಗೆರೆ ಎಣಿಸಿಕೊಂಡು ಮನೆಯಲ್ಲೇ ಕುಳಿತಿದ್ದೇವೆ.

ಇನ್ನೊಂದು ಬೇರೆ ವಿಷಯ, ಇದನ್ನು ದಯವಿಟ್ಟು ಎಲ್ಲರೂ ಓದಿ. 78 ರೆಕಾರ್ಡನ್ನು ಸ್ಪಿರಿಟ್‌ನಿಂದ ಒರೆಸಬೇಡಿ. ಒಬ್ಬ ಮೆಕ್ಯಾನಿಕ್ ನನ್ನ ಕಣ್ಣ ಮುಂದೆಯೇ ಪಂಚಾಕ್ಷರ ಗವಾಯಿಗಳ ಒಂದು ರೆಕಾರ್ಡನ್ನು ಸ್ಪಿರಿಟ್ ಹತ್ತಿಯಿಂದ ತಿಕ್ಕಿದ. ಹತ್ತಿ ಕಪ್ಪಾಯಿತು. ಕೊಳೆ ಹೋಗುತ್ತಿದೆ ಅಂದುಕೊಂಡೆ. ಹೋಗುತ್ತಿದ್ದದ್ದು ಹಾಡು. ಆ ತಟ್ಟೆ ಮಾಡಿರುವುದು ಅರಗಿನಿಂದ, ನಮ್ಮ ಬಡಗಿಗಳು ಪಾಲಿಶ್‌ಗೆ ಅರಗನ್ನು ಸ್ಪಿರಿಟ್ಟಿನಲ್ಲೇ ಕರಗಿಸುತ್ತಾರಲ್ಲ, ಅದೇ ಅರಗು. ಆ ಬದಿ ಈಗ ಬರೀ ಗಾಳಿ ಬೀಸಿದ ಸದ್ದು. ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಆ ಹತ್ತಿ ನೆನಪಾಗುತ್ತದೆ.

ಡಿಸ್ಟಿಲ್ಡ್ ನೀರು, ಪಾತ್ರೆ ತೊಳೆಯುವ ಸೋಪು ಒಂದೇ ಹನಿ, ಮೆತ್ತನೆ ಬ್ರಶ್ಶು, ಲೇಬಲ್ ಒದ್ದೆ ಆಗಬಾರದು, ತಕ್ಷಣ ಒರೆಸಿ ಒಣಗಿಸಬೇಕು. ಎಲ್‌ಪಿ ವಿನೈಲ್, ಅದಕ್ಕೆ ಸ್ವಲ್ಪ ಐಸೊಪ್ರೊಪಿಲ್ ಬೆರೆಸಿದರೆ ತೊಂದರೆ ಇಲ್ಲ.

ಗಿರ್ಮಿಟ್ ಗಾಯಕಿ

ಬೆಟಗೇರಿಯವರ ತಕರಾರು ಚೆನ್ನಾಗಿದೆ, ಒಪ್ಪುವುದಿಲ್ಲ. ಆ ಹುಡುಗ ರೆಕಾರ್ಡ್ ಕೇಳಿ ಮನೆ ಬಿಟ್ಟದ್ದು ನಿಜ. ಆದರೆ ರೆಕಾರ್ಡ್ ಮುಂದೆ ಕುಳಿತು ಕಲಿಯಲಿಲ್ಲವಲ್ಲ? ಊರೂರು ಸುತ್ತಿ ಕಡೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಕಾಲಿಗೆ ಬಿದ್ದರು, ಅಬ್ದುಲ್ ಕರೀಂ ಖಾನರ ಶಿಷ್ಯರ ಕಾಲಿಗೇ. ಮಷೀನು ತಪ್ಪು ಹೇಳಿದ್ದರೆ ಗುರು ತಿದ್ದಿದರು. ಇವತ್ತಿನ ಮಕ್ಕಳಿಗೆ ಬಹಳ ಸಲ ಆ ಫೋನೇ ಗುರು. ತಿದ್ದುವವರು ಯಾರು?

ಆದರೆ ನಿಮ್ಮ ಗವಾಯಿಗಳ ರೆಕಾರ್ಡಿನ ಕತೆ ಓದಿ ಹೊಟ್ಟೆ ಉರಿಯಿತು.

ಮಾಳಮಡ್ಡಿ ಹುಡುಗ

ಅಳೆದೆ! ರಾತ್ರಿ ಎಲ್ಲ ದೀಪ ಆರಿಸಿ, ಎಕ್ಸ್‌ಟೆನ್ಷನ್ ಬಾಕ್ಸ್ ತಟ್ಟೆ ಹತ್ತಿರ ಹಿಡಿದು ಕುಳಿತಿದ್ದೆ. ಅಮ್ಮ ಎದ್ದು ಬಂದು ಏನೋ ಮಾಟ ಮಾಡುತ್ತಿದ್ದೇನೆ ಅಂದುಕೊಂಡಳು. ಗೆರೆಗಳು ಮುಂದಕ್ಕೆ ಹರಿಯುತ್ತವೆ. ಮೂರು ಸಲ ಎಣಿಸಿದೆ, ನಿಮಿಷಕ್ಕೆ ಒಂದೂವರೆ ಸುತ್ತು. ಅಂದರೆ 78ರ ಬದಲು 79 ಚಿಲ್ಲರೆ. ಜೋರು ಇರುವುದಂತೂ ನಿಜ. ನಾನು ಗೆದ್ದೆ ಅಲ್ವಾ?

ಸೋಲ್ಡರ್ ಕಾಕಾ

ಎಲ್ಲಿ ಗೆದ್ದಿರಿ, ನೂರಕ್ಕೆ ಎರಡೂ ಇಲ್ಲ. ಅಷ್ಟಕ್ಕೆ ಗಂಗಕ್ಕ ಚಿಕ್ಕ ಹುಡುಗಿ ಆಗುವುದಿಲ್ಲ.

ಆದರೂ ಯಾಕೆ ಜೋರು ಅಂತ ಹೇಳಬಲ್ಲೆ. ತಟ್ಟೆ ಎತ್ತಿ ಮೋಟರಿನ ಮೆಟ್ಟಿಲು ಮೆಟ್ಟಿಲಾದ ಪುಲ್ಲಿ ನೋಡಿ. ಅದರ ದಪ್ಪನೆಯ ಮೆಟ್ಟಿಲಿಗೆ ಅಂಟು ಟೇಪ್ ಸುತ್ತಿದ್ದಾರಾ? ನಡುವೆ ಒಂದು ರಬ್ಬರ್ ಗಾಲಿ ಇರುತ್ತದೆ, ಅದು ಹಳೇದಾಗಿ ಗಟ್ಟಿಯಾದರೆ ಜಾರುತ್ತದೆ. ಹೊಸ ಗಾಲಿ ಸಿಗುವುದು ಕಷ್ಟ. ಹಿಡಿತ ಬರಲಿ ಅಂತ ಟೇಪ್ ಸುತ್ತುವುದು ಹಳೇ ಚಾಳಿ. ನಾನೂ ಸುತ್ತಿದ್ದೇನೆ, ಸುಳ್ಳು ಯಾಕೆ. ಟೇಪಿನ ದಪ್ಪ ಕೂದಲೆಳೆಯಷ್ಟು, ಆದರೆ ಪುಲ್ಲಿ ಇರುವುದೇ ಬೆರಳಷ್ಟು. ಆ ಕೂದಲೆಳೆಯೇ ನಿಮ್ಮ ಒಂದೂವರೆ ಸುತ್ತು. ಟೇಪ್ ಕಿತ್ತು, ಗಾಲಿಯ ಅಂಚನ್ನು ಸಣ್ಣ ಪಾಲಿಶ್ ಪೇಪರಿನಿಂದ ಲಘುವಾಗಿ ಉಜ್ಜಿ. ಎಣ್ಣೆ ಮುಟ್ಟಿಸಬೇಡಿ.

ಗಿರ್ಮಿಟ್ ಗಾಯಕಿ

ಈಗ ನನ್ನ ಉತ್ತರ. ನಿಮ್ಮ ಮಷೀನು ಸರಿ ಇದೆ. ಆ ದನಿಯೂ ಸರಿ ಇದೆ. ಅದು ಗಂಗೂಬಾಯಿಯವರದ್ದೇ.

ಅವರು 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಗಾಂಧಾರಿ ಅನ್ನುವ ಹೆಸರಲ್ಲಿ ಎಚ್‌ಎಂವಿಗೆ ಹಾಡಿದ್ದು 1930ರ ದಶಕದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗಿ. ಆಗ ಅವರ ದನಿ ಹೀಗೇ ಇತ್ತು, ತೆಳ್ಳಗೆ, ಎತ್ತರಕ್ಕೆ, ಚುರುಕಾಗಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಆಮೇಲೆ ಗಂಟಲಿನ ತೊಂದರೆ ಬಂತು, ಟಾನ್ಸಿಲ್ ಚಿಕಿತ್ಸೆ ಆಯಿತು, ದನಿ ಇಳಿದು ನಮಗೆಲ್ಲ ಗೊತ್ತಿರುವ ಆ ಗಂಡುದನಿ ಆಯಿತು. ಬೇರೆ ಯಾರಾದರೂ ಆಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರು. ಇವರು ಆ ದನಿಯಲ್ಲೇ ಕಿರಾಣಾ ಘರಾಣೆಯ ಆಲಾಪ ಕಟ್ಟಿದರು. ನಾವು ಗಂಗೂಬಾಯಿ ಅಂದರೆ ಆ ಎರಡನೇ ದನಿ ಅಂತಲೇ ತಿಳಿದಿದ್ದೇವೆ. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಇರುವುದು ಮೊದಲನೆಯದು.

ವೇಗ ತಪ್ಪಿದೆಯೋ ದನಿಯೇ ಹಾಗೋ ಅಂತ ತಿಳಿಯಲು ಹಾಡುವವರನ್ನು ಬಿಟ್ಟು ಪಕ್ಕದವರನ್ನು ಕೇಳಿ. ತಬಲಾ ಕೇಳಿ. ವೇಗ ನಿಜವಾಗಿ ಜಾಸ್ತಿ ಇದ್ದರೆ ಎಡಗೈಯ ಡಗ್ಗಾ ಡಾಲ್ಡಾ ಡಬ್ಬಿ ಬಡಿದ ಹಾಗೆ ಆಗುತ್ತದೆ. ಮಾತಿನ ವ್ಯಂಜನಗಳೂ ಚಿವ್ ಚಿವ್ ಅನ್ನುತ್ತವೆ. ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿದವರೂ ಬಹಳ ಜನ ಇದೇ ಅನುಮಾನ ಪಡುತ್ತಾರೆ, ಅವರ ದನಿ ನಿಜಕ್ಕೂ ಅಷ್ಟು ಎತ್ತರದ್ದು, ಅಷ್ಟು ಸಣ್ಣದು. ಅದಕ್ಕೇ ಹೇಳಿದ್ದು, ಅಳೆಯದೆ ಸ್ಪೀಡ್ ಇಳಿಸಬೇಡಿ ಅಂತ. ನಿಮಗೆ ಗೊತ್ತಿರುವ ದನಿಗೆ ಹೊಂದಲಿ ಅಂತ ನೀವು ಇಳಿಸಿದ್ದರೆ ಗಾಂಧಾರಿಯನ್ನು ಕೊಂದು ಗಂಗೂಬಾಯಿಯ ನಕಲು ಮಾಡಿದ ಹಾಗೆ ಆಗುತ್ತಿತ್ತು.

ಬೆಟಗೇರಿ ಬೀದಿ

ಇದು ನನಗೂ ಗೊತ್ತಿರಲಿಲ್ಲ. ಹುಬ್ಬಳ್ಳಿ ದೇಶಪಾಂಡೆ ನಗರದ ಗಂಗೂಬಾಯಿಯವರ ಮನೆಗೆ ಹೋಗಿ ತಂಬೂರಿ ಎಲ್ಲ ನೋಡಿ ಬಂದವನು ನಾನು. ತಕರಾರು ಅರ್ಧ ವಾಪಸ್.

ಹಾವೇರಿ ಏಲಕ್ಕಿ

ಅಂದರೆ ಮೂರು ನಿಮಿಷದ ತಟ್ಟೆಯಲ್ಲಿ ಖ್ಯಾಲ್ ಹೇಗೆ ಹಾಡಿದರು? ಮನ್ಸೂರರ ಒಂದು ರಾಗ ಮುಗಿಯುವಷ್ಟರಲ್ಲಿ ನನ್ನ ಬಸ್ಸು ಶಿಗ್ಗಾಂವಿ ದಾಟಿರುತ್ತದೆ.

ಗಿರ್ಮಿಟ್ ಗಾಯಕಿ

ಅದೇ ಸೋಜಿಗ. 10 ಇಂಚಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಆಲಾಪಕ್ಕೆ ನಾಲ್ಕು ಉಸಿರು, ಬಂದಿಶ್ ಅಂದರೆ ಕಟ್ಟಿದ ಹಾಡು, ಎರಡು ಮೂರು ವೇಗದ ತಾನ್, ಮುಗಿಯಿತು. ಕೆಲವರು ಇದನ್ನು ಸಂಗೀತದ ಕೊಲೆ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಏನು ಬಿಡಬೇಕು ಅಂತ ಗೊತ್ತಿದ್ದವರು ಮಾತ್ರ ಅಲ್ಲಿ ಗೆದ್ದರು. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಮೊದಲ ಸಲ ರೆಕಾರ್ಡಿಗೆ ಹಾಡಿದಾಗಲೇ ಈ ಗಡಿಯಾರದ ಜೊತೆ ಜಗಳ ಶುರು. ಹಾಡು ಮುಗಿಸಿ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು, ವಿದೇಶದಲ್ಲಿ ತಟ್ಟೆ ಅಚ್ಚು ಹಾಕುವವರಿಗೆ ಯಾರ ಹಾಡು ಅಂತ ತಿಳಿಯಲಿ ಅಂತ. ಅದಕ್ಕೂ ಸೆಕೆಂಡು ಉಳಿಸಿಟ್ಟುಕೊಳ್ಳಬೇಕಿತ್ತು!

ಕುಂದಗೋಳ ರಾತ್ರಿ

ಒಂದು ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಆ ವಾಲ್ವ್ ಸೆಟ್ಟಿನ ದನಿಯಲ್ಲಿ ಒಂದು ಬೆಚ್ಚಗಿನ ಗುಣ ಇರುತ್ತದೆ. ಬಿಇಎಲ್ ಜಾಲಹಳ್ಳಿಯಲ್ಲಿ ಮಾಡಿದ ವಾಲ್ವುಗಳನ್ನು ನಾನು ಇನ್ನೂ ಡಬ್ಬಿಯಲ್ಲಿ ಕಾಪಾಡಿಕೊಂಡಿದ್ದೇನೆ. ಹೊಸ ಆಂಪ್ಲಿಫೈಯರ್‌ನಲ್ಲಿ ಅದು ಬರುವುದಿಲ್ಲ.

ಸೋಲ್ಡರ್ ಕಾಕಾ

ನಾನು ನಲವತ್ತು ವರ್ಷ ಅವನ್ನೇ ರಿಪೇರಿ ಮಾಡಿ ಊಟ ಮಾಡಿದವನು, ಹೇಳುತ್ತೇನೆ ಕೇಳಿ. ಆ ಬೆಚ್ಚಗಿನ ಗುಣದಲ್ಲಿ ಅರ್ಧ ಅಂದರೆ ಮೇಲಿನ ತೀಕ್ಷ್ಣ ಸದ್ದು ಬಾರದಿರುವುದು. ಕಾಲು ಭಾಗ ದೊಡ್ಡ ಮರದ ಪೆಟ್ಟಿಗೆಯ ಗುಂಯ್ ಅನ್ನುವ ದನಿ. ಇನ್ನು ಕಾಲು ಭಾಗ ಅಪ್ಪನ ನೆನಪು. ತಪ್ಪಲ್ಲ, ಆದರೆ ವಾಲ್ವಿಗೆ ಪೂರ್ತಿ ಹೆಸರು ಕೊಡಬೇಡಿ. 78ರಲ್ಲಿ ಹೇಗೂ ಮೇಲಿನ ಸದ್ದು ಜಾಸ್ತಿ ಇಲ್ಲ, ಇರುವುದೆಲ್ಲ ಪರ ಪರ. ಅದಕ್ಕೇ ಮಂದ ಸೆಟ್ಟಿನಲ್ಲಿ ಹಿತವಾಗಿ ಕೇಳುತ್ತದೆ.

ಏಲಕ್ಕಿಯವರಿಗೆ ಈಗ ಆಸೆ ಹುಟ್ಟಿರುವ ಹಾಗಿದೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಥಳ ಥಳ ಹಿತ್ತಾಳೆ ಕೊಂಬಿನ "ಆಂಟಿಕ್" ಗ್ರಾಮಫೋನ್ ಕೊಳ್ಳಬೇಡಿ. ಅವು ಹೆಚ್ಚಿನವು ಹೊಸದಾಗಿ ಮಾಡಿದ ಆಟಿಕೆ. ಹಳೇ ಬಿಡಿಭಾಗ, ಹೊಸ ಪೆಟ್ಟಿಗೆ, ಮೇಲೊಂದು ನಾಯಿ ಸ್ಟಿಕ್ಕರ್. ಸಾಚಾ ಗ್ರಾಮಫೋನಿನಲ್ಲೂ ಎಲ್‌ಪಿ ಹಾಕಬಾರದು, ಆ ಉಕ್ಕಿನ ಮುಳ್ಳಿನ ಭಾರ 100 ಗ್ರಾಂ ದಾಟುತ್ತದೆ, ಒಂದೇ ಸಲಕ್ಕೆ ಉಳುಮೆ ಮಾಡಿಬಿಡುತ್ತದೆ. 78 ವೇಗ ಇರುವ ಸಾಧಾರಣ ಟರ್ನ್‌ಟೇಬಲ್, 3 ಮಿಲ್ ಮುಳ್ಳು, ಇಷ್ಟು ಸಾಕು. ಸ್ಟೀರಿಯೊ ಕಾರ್ಟ್ರಿಜ್ಜಿನ, ಅಂದರೆ ಮುಳ್ಳು ಕೂರುವ ತಲೆಯ, ಎರಡೂ ಚಾನೆಲ್ ಸೇರಿಸಿ ಮೊನೊ ಮಾಡಿ, ಸದ್ದು ಎಷ್ಟೋ ಇಳಿಯುತ್ತದೆ. ಎಲ್‌ಪಿ ಕೊಳ್ಳುವಾಗ ಎಚ್‌ಎಂವಿ ನಂಬರ್ ನೋಡಿ, ಇಸಿಎಲ್‌ಪಿ ಅಂತಿದ್ದರೆ ಮೊನೊ, ಇಸಿಎಸ್‌ಡಿ ಅಂತಿದ್ದರೆ ಸ್ಟೀರಿಯೊ.

ಮಾಳಮಡ್ಡಿ ಹುಡುಗ

ವರದಿ ಒಪ್ಪಿಸುತ್ತಿದ್ದೇನೆ. ಕಾಕಾ ಹೇಳಿದ ಹಾಗೆ ಪುಲ್ಲಿ ಮೇಲೆ ಕಪ್ಪು ಟೇಪ್ ಇತ್ತು. ಕಿತ್ತೆ. ಗಾಲಿ ಉಜ್ಜಿದೆ. ಮೊದಲ ದಿನ ಜಾರಿತು, ಮತ್ತೆ ಉಜ್ಜಿದೆ. ಈಗ 77 ಗೆರೆಗಳೂ ನಿಂತಿವೆ, ಒಮ್ಮೊಮ್ಮೆ ಸ್ವಲ್ಪ ತೂಗುತ್ತವೆ, ಅಷ್ಟೇ.

ಮನೆಯಲ್ಲಿ ಅಜ್ಜಿಯನ್ನು ಕೂರಿಸಿ ಗಾಂಧಾರಿ ರೆಕಾರ್ಡ್ ಹಾಕಿದೆ. ಏನೂ ಹೇಳದೆ. ಅಜ್ಜಿಗೆ ಗಂಗೂಬಾಯಿಯವರನ್ನು ಎದುರಿಗೇ ಕುಳಿತು ಕೇಳಿ ಗೊತ್ತು, ಆಕಾಶವಾಣಿ ಧಾರವಾಡದಲ್ಲಿ ಕೇಳಿದ್ದಕ್ಕಂತೂ ಲೆಕ್ಕ ಇಲ್ಲ. ಅರ್ಧ ನಿಮಿಷ ಕೇಳಿ, "ಇದು ಗಂಗಕ್ಕ ಅಲ್ಲೋ, ಯಾವುದೋ ಹುಡುಗಿ ಹಾಡ್ಲಿಕ್ಕೆ ಹತ್ತ್ಯಾಳ. ನಿನ್ನ ಮಷೀನ್ ಜೋರ ಓಡ್ತದ, ಬಂದ್ ಮಾಡು" ಅಂದಳು. ನಾನು ನಿಯಾನ್ ದೀಪ ತಂದು ಗೆರೆ ತೋರಿಸಿದೆ. 50 ಸೈಕಲ್, 6000, ಎಲ್ಲ ವಿವರಿಸಿದೆ. ಟಾನ್ಸಿಲ್ ಕತೆ ಹೇಳಿದೆ. ಅಜ್ಜಿ ಒಂದಕ್ಕೂ ಒಪ್ಪಲಿಲ್ಲ. "ನಿಮ್ಮಜ್ಜ ಇದ್ದಾಗ ಹಿಂಗ ಓಡ್ತಿರ್ಲಿಲ್ಲ" ಅಂತ ಎದ್ದು ಒಳಗೆ ಹೋದಳು. ಆದರೆ ಬಾಗಿಲ ಹತ್ತಿರ ನಿಂತಳು, ರೆಕಾರ್ಡ್ ಮುಗಿಯುವವರೆಗೆ.

ಇನ್ನೊಂದು ಪ್ರಶ್ನೆ. ಕೆಳಗಿನ ಖಾನೆಯಲ್ಲಿ ಒಂದು ರೆಕಾರ್ಡ್ ಎರಡು ಹೋಳಾಗಿದೆ. ಅಜ್ಜ ಎರಡೂ ಹೋಳನ್ನು ಒಂದೇ ಕವರಿನಲ್ಲಿ ಜೋಪಾನ ಮಾಡಿಟ್ಟಿದ್ದಾರೆ. ಫೆವಿಕಾಲ್ ಹಾಕಿ ಅಂಟಿಸಬಹುದಾ?

ಸೋಲ್ಡರ್ ಕಾಕಾ

ಮುಟ್ಟಬೇಡಿ!! ಭಾನುವಾರ ಹುಬ್ಬಳ್ಳಿಗೆ ತನ್ನಿ. ಎರಡು ಹೋಳನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಕುಳಿತುಕೊಳ್ಳಿ. ಬರುವಾಗ ಲೈನ್ ಬಜಾರಿನ ಪೇಢೆ ಅರ್ಧ ಕೆಜಿ.

ಅಜ್ಜಿಗೆ ಇನ್ನು ಮೇಲೆ ಗೆರೆ ತೋರಿಸಬೇಡಿ, ಗಂಗಕ್ಕನ ಎಲ್‌ಪಿ ಹಾಕಿ.